ಗಿರಿಜಕ್ಕನ ಗಂಟಿನೊಳಗೆ

ಅಹಮದಾಬಾದಿನ ಒಂದು ಪ್ರದರ್ಶನದಲ್ಲಿ ಗಿರಿಜಕ್ಕನ ಬಟ್ಟೆಯನ್ನು ಮೊದಲ ಸಲ ಕಂಡಾಗ ನಾನು ಅದನ್ನು ಮೂಸಿ ನೋಡಿದೆ. ಕಾವಲಿನವನು ದೂರದಿಂದಲೇ ಕೈಬೀಸಿ ಗದರಿಸಿದ. ಏನು ಮಾಡಲಿ, ಗೋಡೆಯುದ್ದ ಇಳಿಬಿಟ್ಟಿದ್ದ ಆ ಬಿಳಿ ಹತ್ತಿ ಬಟ್ಟೆಯ ಮೇಲೆ ಕಿತ್ತಳೆ, ಕಂದು, ಬೂದು ಬಣ್ಣದ ಗುರುತುಗಳಿದ್ದವು. ಅಚ್ಚೊತ್ತಿದ ಹಾಗೂ ಇರಲಿಲ್ಲ, ಕುಂಚದಲ್ಲಿ ಬರೆದ ಹಾಗೂ ಇರಲಿಲ್ಲ. ಪಕ್ಕದ ಚೀಟಿಯಲ್ಲಿ ಇಷ್ಟೇ ಇತ್ತು: ‘ಗಿರಿಜಾ ಪಿ. ದೇವಾಡಿಗ, ವಡೋದರಾ. ಹತ್ತಿ, ಕಬ್ಬಿಣ, ಚಹಾ.’

ದೇವಾಡಿಗ ಎಂದರೆ ನಮ್ಮ ಕರಾವಳಿಯವರು. ಹತ್ತಿ ಸರಿ. ಕಬ್ಬಿಣ ಮತ್ತು ಚಹಾ ಬಟ್ಟೆಯೊಳಗೆ ಹೇಗೆ ಸೇರಿದವು ಎಂಬ ಪ್ರಶ್ನೆ ನನ್ನ ತಲೆಗೆ ಹತ್ತಿಕೊಂಡಿತು.

ನಾನು ಶ್ವೇತಾ, ಹುಬ್ಬಳ್ಳಿಯವಳು. ಅಹಮದಾಬಾದಿನ ಬೋಡಕ್‌ದೇವ್‌ ಬಡಾವಣೆಯ ಒಂದು ಸಣ್ಣ ಆಫೀಸಿನಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಟೈಲ್ಸ್, ನೀರಿನ ಪಂಪು, ತಲೆಗೂದಲ ಎಣ್ಣೆ, ಎಲ್ಲದರ ಜಾಹೀರಾತೂ ನಮ್ಮ ಕೈಯಿಂದಲೇ ಹೋಗುತ್ತದೆ. ಆ ದಿನಗಳಲ್ಲಿ ಒಂದು ಸಂಸ್ಥೆ ಹತ್ತು ನಿಮಿಷದೊಳಗಿನ ಸಾಕ್ಷ್ಯಚಿತ್ರಗಳನ್ನು ಸ್ಪರ್ಧೆಗೆ ಕರೆದಿತ್ತು. ಒಬ್ಬ ಕಲಾವಿದರ ಕೆಲಸ ಹೇಗೆ ಹುಟ್ಟುತ್ತದೆ ಎಂದು ತೋರಿಸಬೇಕು, ಡಿಸೆಂಬರ್ ಕೊನೆಗೆ ಕಳಿಸಬೇಕು. ಪ್ರದರ್ಶನದವರಿಂದ ನಂಬರು ಪಡೆದು ಫೋನ್ ಮಾಡಿದೆ. ಕನ್ನಡ ಬರುತ್ತದೋ ಇಲ್ಲವೋ ಎಂದು ಹಿಂದಿಯಲ್ಲಿ ಮಾತಾಡುತ್ತಿದ್ದವಳ ಬಾಯಿಂದ ಅಭ್ಯಾಸಬಲದಿಂದ ‘ಹೌದ್ರಿ’ ಎಂದು ಬಂದುಬಿಟ್ಟಿತು.

ಆ ಕಡೆಯಿಂದ ನಗು. “ಕನ್ನಡದವಳಾ? ಮತ್ತೆಂತ ಹಿಂದಿ ಮಾತಾಡುದು ಮಾರಾಯ್ತಿ? ಆದಿತ್ಯವಾರ ಬಾ.”

ಭಾನುವಾರ ಬೆಳಗಿನ ರೈಲಿನಲ್ಲಿ ವಡೋದರಾಕ್ಕೆ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದು ಮಕರಪುರಕ್ಕೆ ಹೋದೆ. ಕಾರ್ಖಾನೆಗಳ ಸಾಲು ದಾಟಿ, ಮೂರಂತಸ್ತಿನ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಮನೆ. ಬಾಗಿಲು ತೆಗೆದದ್ದು ಪದ್ಮನಾಭಣ್ಣ, ಗಿರಿಜಕ್ಕನ ಗಂಡ. ಲುಂಗಿ, ಬನಿಯನ್, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದ ತುಂಬ ಒದ್ದೆ ಚಹಾಪುಡಿ.

“ಕ್ಯಾಮೆರಾದವರಾ? ಬನ್ನಿ ಬನ್ನಿ. ಮೊದ್ಲು ಇಡ್ಲಿ. ಶೂಟಿಂಗ್ ಆಮೇಲೆ,” ಎಂದರು.

ಕೈಗಾರಿಕಾ ವಸಾಹತಿನ ಗೇಟಿನ ಹತ್ತಿರ ಅವರದ್ದೊಂದು ಸಣ್ಣ ತಿಂಡಿ ಅಂಗಡಿ. ಇಡ್ಲಿ, ವಡೆ, ಚಹಾ, ಬೆಳಿಗ್ಗೆ ಹನ್ನೊಂದರ ತನಕ ಮಾತ್ರ. ಸೋಸಿದ ಚಹಾಪುಡಿಯನ್ನು ಬಿಸಾಡದೆ ದಿನವೂ ಹೆಂಡತಿಗೆ ತಂದುಕೊಡುತ್ತಾರೆ. ಚೀಟಿಯಲ್ಲಿದ್ದ ಚಹಾ ಎಲ್ಲಿಂದ ಬಂತೆಂದು ಇಡ್ಲಿ ತಿನ್ನುವುದರೊಳಗೇ ಗೊತ್ತಾಯಿತು. ಕಬ್ಬಿಣದ ಕತೆ ಮಾತ್ರ ಉದ್ದದ್ದು.

ಗಿರಿಜಕ್ಕ ಹುಟ್ಟಿದ್ದು ಹಿರಿಯಡ್ಕದ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಇಪ್ಪತ್ತೊಂದಕ್ಕೆ ಮದುವೆಯಾಗಿ ವಡೋದರಾಕ್ಕೆ ಬಂದಾಗ ಪದ್ಮನಾಭಣ್ಣ ಸ್ಟೇಷನ್ ಹತ್ತಿರದ ತಮ್ಮ ಚಿಕ್ಕಪ್ಪನ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಹೋಟೆಲಿನ ಮೇಲೆಯೇ ಒಂದು ಕೋಣೆ. ಗಿರಿಜಕ್ಕನ ಪಾಲಿಗೆ ಬಂದದ್ದು ಈರುಳ್ಳಿ ಹೆಚ್ಚುವುದು ಮತ್ತು ಕಾಯಿ ತುರಿಯುವುದು. ಎರಡು ವರ್ಷ ತುರಿದರು. ಕೆಳಗಿನ ಬೀದಿಯ ಕೋಕಿಲಾಬೆನ್ ಎಂಬಾಕೆ ದಿನವೂ ಬೆಳಿಗ್ಗೆ ಡಬ್ಬಿ ಹಿಡಿದು ಮಕರಪುರದ ಬಸ್ಸಿಗೆ ನಿಲ್ಲುತ್ತಿದ್ದಳು. ಒಂದು ದಿನ ಇವರು ತಡೆಯಲಾರದೆ ಕೆಳಗಿಳಿದು ಹೋಗಿ, ಅರೆಬರೆ ಹಿಂದಿಯಲ್ಲಿ, ಅಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಕೋಕಿಲಾಬೆನ್ ಬಾಯಲ್ಲಿ ಹೇಳಲಿಲ್ಲ. ಗಾಳಿಯಲ್ಲಿ ಕೈಯಿಂದ ಏನನ್ನೋ ಸುತ್ತಿ ತೋರಿಸಿದಳು.

“ಎಂತ ಸುತ್ತುದು ಅಂತ ನಂಗೆ ನೋಡ್ಲೇಬೇಕಿತ್ತು,” ಎಂದರು ಗಿರಿಜಕ್ಕ.

ಹೋಟೆಲಿನ ಮನೆಯ ಹೆಂಗಸು ಕಾರ್ಖಾನೆಗೆ ಹೋಗುವುದುಂಟೇ ಎಂದು ಚಿಕ್ಕಪ್ಪ ಎರಡು ದಿನ ಗಲಾಟೆ ಮಾಡಿದರಂತೆ. ಪದ್ಮನಾಭಣ್ಣ, “ಅವಳು ಹೋಗಲಿ, ಕಾಯಿ ನಾನು ತುರಿತೇನೆ,” ಎಂದು ಹೇಳಿ ಬಾಯಿ ಮುಚ್ಚಿಸಿದರು. ಹಾಗೆ ಗಿರಿಜಕ್ಕ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಘಟಕದ ವೈಂಡಿಂಗ್ ವಿಭಾಗ ಸೇರಿದರು. ತಾಮ್ರದ ತಂತಿ ಸುತ್ತಿದ ಕಾಯಿಲಿನ ಮೇಲೆ ಬಿಳಿ ಹತ್ತಿ ಟೇಪು ಸುತ್ತುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದರು. ಅಷ್ಟರೊಳಗೆ ಪದ್ಮನಾಭಣ್ಣನೂ ಮಕರಪುರದಲ್ಲಿ ಸ್ವಂತ ಅಂಗಡಿ ಇಟ್ಟು, ಮನೆಯೂ ಇಲ್ಲಿಗೆ ಬಂತು. ಸುಟ್ಟು ವಾಪಸು ಬಂದ ಟ್ರಾನ್ಸ್‌ಫಾರ್ಮರ್ ಕಂಡರೆ ಊಟದ ಹೊತ್ತಿನಲ್ಲಿ ಬಿಚ್ಚಿ ನೋಡುತ್ತಿದ್ದರು. ಯಾರೂ ಹೇಳಿದ್ದಲ್ಲ. ಎಲ್ಲಿಂದ ಸುಡಲು ಶುರುವಾಯಿತು ಎಂದು ತಿಳಿಯಬೇಕಿತ್ತು, ಅಷ್ಟೆ.

ಒಂದು ಮಳೆಗಾಲ ಜನ್ಮಾಷ್ಟಮಿಯ ರಜೆಗೆ ಘಟಕ ಮೂರು ದಿನ ಮುಚ್ಚಿತ್ತು. ತಗಡಿನ ಮಾಡು ಸೋರಿ, ಮೂಲೆಯಲ್ಲಿದ್ದ ಟೇಪಿನ ಸುರುಳಿಗಳು ನೆನೆದವು. ಅವುಗಳ ಕೆಳಗೆ, ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗೆ ಜೋಡಿಸುವ, ಇಂಗ್ಲಿಷಿನ ಇ ಅಕ್ಷರದ ಆಕಾರದ ತೆಳು ಕಬ್ಬಿಣದ ತಗಡುಗಳ ರಾಶಿಯಿತ್ತು. ರಜೆ ಮುಗಿಸಿ ಬಂದವರು ನೋಡಿದರೆ ಬಿಳಿ ಟೇಪಿನ ಮೇಲೆಲ್ಲ ಕಿತ್ತಳೆ ಬಣ್ಣದ ಅಕ್ಷರಗಳು. ಮೇಲ್ವಿಚಾರಕ ಎಸೆಯಲು ಹೇಳಿದ. ಗಿರಿಜಕ್ಕ ಅದನ್ನು ಡಬ್ಬಿಯ ಚೀಲದಲ್ಲಿ ತುಂಬಿಕೊಂಡು ಮನೆಗೆ ತಂದರು.

“ಒಂದೇ ತಗಡು, ಒಂದೇ ನೀರು. ಆದ್ರೂ ಒಂದು ಕಡೆ ಕಡು ಬಣ್ಣ, ಇನ್ನೊಂದು ಕಡೆ ತೆಳು. ಅದ್ಯಾಕೆ?” ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರಬಹುದೇನೋ ಎಂಬಂತೆ.

ಅಂದಿನಿಂದ ಮನೆಯಲ್ಲಿ ಪ್ರಯೋಗ. ಉಪ್ಪುನೀರು, ಲಿಂಬೆ, ಮಜ್ಜಿಗೆ, ಹೋಟೆಲಿನ ವಿನೆಗರ್, ಒಂದೊಂದನ್ನೂ ಹಾಕಿ ನೋಡಿದರು. ಬಟ್ಟೆಗೆ ಗಂಡನ ಹಳೆಯ ಪಂಚೆಗಳು. “ನನ್ನ ಒಂದು ಒಳ್ಳೆ ಪಂಚೆಯೂ ಹೋಯ್ತು,” ಎಂದು ಪದ್ಮನಾಭಣ್ಣ ಒಳಗಿನಿಂದ ಕೂಗಿ ಹೇಳಿದರು. “ತುಕ್ಕು ತಿಂದು ತೂತು ಬಿದ್ದಿತ್ತು. ಉಟ್ಟುಕೊಂಡು ಅಂಗಡಿಗೆ ಹೋದ ಮೇಲೆ ಗೊತ್ತಾದದ್ದು!”

ಐದು ವರ್ಷದ ಹಿಂದೆ ಘಟಕ ಮುಚ್ಚಿದಾಗ ಗಿರಿಜಕ್ಕನಿಗೆ ದಿನವಿಡೀ ಬಿಡುವಾಯಿತು. ಗುಜರಿಯಿಂದ ಸರಪಳಿ, ಹಲ್ಲಿನ ಚಕ್ರ, ಬೋಲ್ಟು ತಂದು ಬಾಲ್ಕನಿಯಲ್ಲಿ ಪೇರಿಸಿದರು. ಕೆಳಗಿನ ಮನೆಯ ನೇಹಾ ಎಂಬ ಹುಡುಗಿ ಚಿತ್ರಕಲೆ ಓದುತ್ತಿದ್ದಳು. ಇವರು ಕಿಟಕಿಗೆ ಪರದೆಯಾಗಿ ಕಟ್ಟಿದ್ದ ತುಕ್ಕುಬಣ್ಣದ ಬಟ್ಟೆ ನೋಡಿ ತನ್ನ ಅಧ್ಯಾಪಕರನ್ನು ಕರೆತಂದಳು. ಅಲ್ಲಿಂದ ಒಂದು ಪ್ರದರ್ಶನ, ಆಮೇಲೆ ಇನ್ನೊಂದು. ಈಗ ಆಮಂತ್ರಣಗಳಲ್ಲಿ ‘ಟೆಕ್ಸ್‌ಟೈಲ್ ಆರ್ಟಿಸ್ಟ್’ ಎಂದು ಹಾಕುತ್ತಾರೆ. ಅದನ್ನು ಓದಿದಾಗಲೆಲ್ಲ ಅವರಿಗೆ ಯಾರೋ ಬೇರೆಯವರ ಕಾಗದ ಬಂದ ಹಾಗೆ ಅನ್ನಿಸುತ್ತದಂತೆ.

ಇಷ್ಟೆಲ್ಲ ಅವರು ಹೇಳಿದ್ದು ಕ್ಯಾಮೆರಾ ಹೊರತೆಗೆಯುವ ಮೊದಲು. ಹೊರತೆಗೆದ ಮೇಲೆ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದು, ಪಾಸ್‌ಪೋರ್ಟ್ ಫೋಟೊಕ್ಕೆ ಕೂತವರಂತೆ ಕೂತರು. ನಾನು ಬರೆದುಕೊಂಡು ಹೋಗಿದ್ದ ಪ್ರಶ್ನೆ ಕೇಳಿದೆ.

“ಗಿರಿಜಕ್ಕಾ, ನಿಮಗ ಈ ಡಿಸೈನಿನ ಐಡಿಯಾ ಎಲ್ಲಿಂದ ಬರ್ತದ್ರಿ?”

“ಐಡಿಯಾ ಎಂತದ್ದೂ ಇಲ್ಲ. ಒದ್ದೆ ಮಾಡುದು, ಸುತ್ತುದು, ಮೂರು ದಿನ ಇಡುದು, ಬಿಚ್ಚುದು.”

“ಸುತ್ತುವಾಗ ಮನಸ್ಸಿನ್ಯಾಗ ಏನಿರ್ತದ?”

ಅವರು ಸ್ವಲ್ಪ ಯೋಚಿಸಿ ಹೇಳಿದರು, “ಕುಕ್ಕರ್ ಎಷ್ಟು ಸೀಟಿ ಆಯ್ತು ಅಂತ.”

ಹಾಗಾಗಿ ಪ್ರಶ್ನೆಗಳ ಹಾಳೆ ಮಡಚಿಟ್ಟು, ಕೈಯನ್ನು ಮಾತ್ರ ಚಿತ್ರಿಸಲು ಶುರುಮಾಡಿದೆ. ಆಫೀಸಿನ ಕ್ಯಾಮೆರಾವನ್ನು ಶನಿವಾರ ಸಂಜೆ ಕೇಳಿ ತೆಗೆದುಕೊಂಡು ಸೋಮವಾರ ಮರಳಿಸುತ್ತಿದ್ದೆ. ಮೂರು ಭಾನುವಾರ ಹಾಗೆ ಹೋದೆ. ವಿನೆಗರಿನಲ್ಲಿ ನೆನೆಸಿದ ಬಟ್ಟೆಯನ್ನು ಅವರು ಹಾಸಿ, ತುಕ್ಕು ಹಿಡಿದ ಕಬ್ಬಿಣವನ್ನು ಇಟ್ಟು, ಬಿಗಿಯಾಗಿ ಸುತ್ತಿ, ಮೇಲೆ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಆ ಗಂಟಿನ ಮೇಲೆ ಅರೆಯುವ ಕಲ್ಲು ಹೇರುತ್ತಿದ್ದರು. ಬಿಚ್ಚಿದ ಮೇಲೆ ಕೆಲವನ್ನು ಚಹಾ ಡಿಕಾಕ್ಷನ್ನಿಗೆ ಅದ್ದುತ್ತಿದ್ದರು. ಕಿತ್ತಳೆ ಬಣ್ಣ ನೋಡನೋಡುತ್ತ ಮೋಡದ ಬಣ್ಣವಾಗುತ್ತಿತ್ತು.

ನಾಲ್ಕನೇ ಭಾನುವಾರ ನಾನು ಲ್ಯಾಪ್‌ಟಾಪ್ ಕೊಂಡೊಯ್ದೆ. ಎಡಿಟಿಂಗ್ ಮೇಜಿನ ಮುಂದೆ ಅವರ ಕೈಗಳನ್ನು ಮತ್ತೆ ಮತ್ತೆ ನೋಡುವಾಗ ನನಗೊಂದು ವಿಷಯ ಹೊಳೆದಿತ್ತು. ಅದನ್ನು ಅವರಿಗೆ ತೋರಿಸುವ ಆತುರ.

“ಇಲ್ಲಿ ನೋಡ್ರಿ. ಪಟ್ಟಿ ಸುತ್ತುವಾಗ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮ್ಯಾಲೆ ಬರ್ತದ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮಿ ಇಲ್ಲ. ಅಳತಿ ಇಟ್ಟು ಮಾಡ್ತೀರೇನು?”

ಗಿರಿಜಕ್ಕ ಮುಂದಕ್ಕೆ ಬಾಗಿ ನೋಡಿದರು. “ಇದು ನನ್ನ ಕೈಯಾ? ಇನ್ನೊಂದು ಸರ್ತಿ ಹಾಕು.” ಐದು ಸಲ ಹಾಕಿಸಿದರು. “ಇದು ಕಾಯಿಲಿಗೆ ಟೇಪು ಸುತ್ತುವ ಕ್ರಮ. ಅರ್ಧ ಅರ್ಧ ಕೂರಿಸ್ಬೇಕು, ಇಲ್ಲದಿದ್ರೆ ತಂತಿ ಕಾಣ್ತದೆ, ಪೀಸು ವಾಪಸ್ ಬರ್ತದೆ. ನಾನು ಇಲ್ಲಿಯೂ ಅದನ್ನೇ ಮಾಡ್ತಾ ಇದ್ದೇನಾ? ನಂಗೆ ಗೊತ್ತೇ ಇರ್ಲಿಲ್ಲ.”

ಗೋಡೆಯ ಮೇಲಿದ್ದ ಬಟ್ಟೆಗಳಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಬರುವ ಓರೆ ಗೆರೆಗಳು ಎಲ್ಲಿಂದ ಬಂದವು ಎಂಬುದಕ್ಕೆ ಉತ್ತರ ಸಿಕ್ಕಿತ್ತು: ಅವು ಪಟ್ಟಿಯ ಸುತ್ತುಗಳ ಅಂಚಿನ ಗುರುತು. ವಾಪಸು ಬರುವಾಗ ರೈಲಿನಲ್ಲಿ ನಾನು ಕಿಟಕಿಗೆ ಮುಖ ಕೊಟ್ಟು ಒಬ್ಬಳೇ ನಗುತ್ತಿದ್ದೆ. ಸಿನಿಮಾ ಮುಗಿದಂತೆಯೇ ಅಂದುಕೊಂಡೆ.

ಮುಂದಿನ ಭಾನುವಾರ ಹೋದರೆ ಬಾಲ್ಕನಿಯಲ್ಲಿ ಒಂದೂ ಗಂಟಿಲ್ಲ. ಚಹಾಪುಡಿಯ ಚೀಲಗಳು ಸಾಲಾಗಿ ಹಾಗೇ ಕೂತಿವೆ, ಒಂದರ ಮೇಲೆ ಬೂಸ್ಟು ಬಂದಿದೆ. ಪದ್ಮನಾಭಣ್ಣ ಇಡ್ಲಿಯನ್ನೇನೋ ಕೊಟ್ಟರು, ಮಾತು ಕಡಿಮೆ.

“ಹುಷಾರಿಲ್ಲೇನ್ರಿ ಗಿರಿಜಕ್ಕಾ?” ಎಂದೆ.

“ಹುಷಾರಿದ್ದೇನೆ. ಸುತ್ಲಿಕ್ಕೆ ಆಗ್ತಾ ಇಲ್ಲ ಮಾರಾಯ್ತಿ.” ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. “ಕೂತ್ರೆ ನಿನ್ನ ವಿಡಿಯೊ ಕಣ್ಣೆದುರು ಬರ್ತದೆ. ಅರ್ಧಕ್ಕೆ ಕೂತಿತಾ, ಇಲ್ವಾ ಅಂತ ನೋಡ್ತೇನೆ. ನೋಡಿದ ಕೂಡ್ಲೇ ಕೈ ನಿಲ್ತದೆ. ಬೇಕಂತ ತಪ್ಪು ಸುತ್ತುವ ಅಂದ್ರೆ ಅದೂ ಬರುದಿಲ್ಲ.”

ನಾನು ಇಡ್ಲಿಯ ತಟ್ಟೆ ಕೆಳಗಿಟ್ಟೆ. ಅವರ ಕೆಲಸ ಹೇಗೆ ಹುಟ್ಟುತ್ತದೆ ಎಂದು ತೋರಿಸಲು ಬಂದವಳು ಅದನ್ನು ನಿಲ್ಲಿಸಿಬಿಟ್ಟಿದ್ದೆ. ಕ್ಷಮಿಸಿ ಎಂದೆ. ಅವರು, “ಏ, ನಿನ್ನ ತಪ್ಪೆಂತ, ಮತ್ತೆ ಮತ್ತೆ ಹಾಕು ಅಂದದ್ದು ನಾನೇ ಅಲ್ವಾ,” ಎಂದರು. ಆದರೂ ಆ ದಿನ ಕ್ಯಾಮೆರಾ ಚೀಲದಿಂದ ಹೊರಗೆ ಬರಲಿಲ್ಲ.

ಸುಮ್ಮನಿರಲಾಗದೆ ಅದರ ಮುಂದಿನ ಭಾನುವಾರ ನಾನು ಸೂರತ್‌ಗೆ ಹೋದೆ. ಗಿರಿಜಕ್ಕನ ಮಗ ನಿತಿನ್ ಅಡಾಜಣ್‌ನಲ್ಲಿರುತ್ತಾನೆ, ಅಲ್ಲಿನ, ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಮಿಲ್ಲಿನ ಲ್ಯಾಬಿನಲ್ಲಿ ಕೆಲಸ. ಅಮ್ಮನ ಬಗ್ಗೆ ಅವನ ನಾಲ್ಕು ಮಾತಾದರೂ ಚಿತ್ರಕ್ಕೆ ಸಿಗಲಿ ಎಂದುಕೊಂಡಿದ್ದೆ. ತಾಪಿ ನದಿಯ ಸೇತುವೆ ಕಾಣುವ ಅವನ ಫ್ಲ್ಯಾಟಿನ ಸೋಫಾದಲ್ಲಿ ಕೂತು ಮಾತಾಡಿದೆವು. ವಡೋದರಾದಲ್ಲಿ ಬೆಳೆದವನು. ಅವನ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು.

“ಅಮ್ಮಂದು ವರ್ಕ್ ನನಗೆ ಮೊದ್ಲು ಸಮಜ್ ಬರ್ತಿರ್ಲಿಲ್ಲ,” ಎಂದ. “ನಮ್ಮ ಮಿಲ್‌ನಲ್ಲಿ ಬಟ್ಟೆ ಮೇಲೆ ಆಯರ್ನ್ ಸ್ಟೇನ್ ಒಂದು ಚುಕ್ಕಿ ಬಂತು ಅಂದ್ರೂ ಪೂರಾ ಥಾನ್, ಇಡೀ ಬಟ್ಟೆ ಸುರುಳಿ ರಿಜೆಕ್ಟ್. ಅದನ್ನು ತೆಗೆಯೋದೇ ನನ್ನ ಕೆಲಸ. ಅಮ್ಮ ಜಾನ್‌ಬೂಝ್ ಕೇ, ಬೇಕಂತಲೇ ಅದನ್ನೇ ಹಾಕ್ತಾರೆ!” ನಕ್ಕ. ಆಮೇಲೆ ಕೇಳಿದ, “ಕಲೆ ಹೇಗೆ ಹೋಗ್ತದೆ ಅಂತ ನಂಗೆ ಗೊತ್ತು. ಹೇಗೆ ಬರ್ತದೆ ಅಂತ ನಾನು ಯಾವತ್ತೂ ನೋಡಿಲ್ಲ. ನೀವು ನೋಡಿದೀರಾ?”

ನಾನೂ ನೋಡಿರಲಿಲ್ಲ. ಸುತ್ತುವುದನ್ನು ನೋಡಿದ್ದೆ, ಬಿಚ್ಚುವುದನ್ನು ನೋಡಿದ್ದೆ. ನಡುವಿನ ಮೂರು ದಿನ ಗಂಟಿನೊಳಗೆ ಏನಾಗುತ್ತದೆ ಎಂಬುದನ್ನು ಯಾರೂ ನೋಡಿರಲಿಲ್ಲ. ಸಂಜೆ ರೈಲಿನಿಂದ ಗಿರಿಜಕ್ಕನಿಗೆ ಫೋನ್ ಮಾಡಿ, ನಿತಿನ್ ಹೀಗೊಂದು ಮಾತು ಕೇಳಿದ ಎಂದು ಹೇಳಿದೆ. “ಹೌದಲ್ಲ,” ಎಂದರು, ಅಷ್ಟೆ. ಫೋನ್ ಇಟ್ಟರು.

ಬುಧವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವರೇ ಫೋನ್ ಮಾಡಿದರು. ಧ್ವನಿಯಲ್ಲಿ ಹಳೆಯ ಹುರುಪು. “ಇವರ ಅಂಗಡಿಯ ವಡೆ ಇಡುವ ಶೋಕೇಸಿನ ಗಾಜು ಬಿಚ್ಚಿಸಿದ್ದೇನೆ. ಕೆಳಗೆ ಕಬ್ಬಿಣ, ಅದ್ರ ಮೇಲೆ ಬಟ್ಟೆ, ಬಟ್ಟೆ ಮೇಲೆ ಗಾಜು. ಆಗ ಒಳಗೆ ಕಾಣ್ತದಲ್ವಾ? ನಿನ್ನ ಕ್ಯಾಮೆರಾ ಮೇಲಿಂದ ನೋಡ್ಲಿ. ಬಾ.”

ಹಿಂದಿನಿಂದ ಪದ್ಮನಾಭಣ್ಣನ ಕೂಗು ಕೇಳಿತು: “ವಡೆಯ ಮೇಲೆ ನೊಣ ಕೂರ್ತಾ ಉಂಟು ಅಂತಲೂ ಹೇಳು!”

ಮೂರು ದಿನ ಒಂದೇ ಕಡೆ ನಿಲ್ಲಿಸಲು ಆಫೀಸಿನ ಕ್ಯಾಮೆರಾ ಸಿಗುವಂತಿರಲಿಲ್ಲ. ನನ್ನ ಹಳೆಯ ಮೊಬೈಲನ್ನು ಎರಡು ನಿಮಿಷಕ್ಕೊಂದು ಫೋಟೊ ತೆಗೆಯುವಂತೆ ಹೊಂದಿಸಿ, ಕುರ್ಚಿಯ ಮೇಲೆ ಕುರ್ಚಿ ಇಟ್ಟು ಕಟ್ಟಿ, ಚಾರ್ಜರಿಗೆ ಸಿಕ್ಕಿಸಿ ಬಂದೆ. ನೋಡಿಕೊಳ್ಳುವ ಹೊಣೆ ಗಿರಿಜಕ್ಕನದು. ದಿನಕ್ಕೆ ಎರಡು ಸಲ ವರದಿ ಬರುತ್ತಿತ್ತು. ‘ಎಂತದ್ದೂ ಇಲ್ಲ.’ ‘ಇವತ್ತು ಸ್ವಲ್ಪ ಹಳದಿ.’ ‘ಬಟ್ಟೆ ಒಣಗಿತು, ಮತ್ತೆ ಇಲ್ಲ.’ ಮೊದಲ ಯತ್ನ ಹಾಗೆ ಹಾಳಾಯಿತು. ಗಾಜಿನ ಅಂಚಿನಿಂದ ತೇವ ಆರಿಹೋಗುತ್ತಿತ್ತು.

ಎರಡನೇ ಸಲ ಅವರು ಅಂಚಿಗೆಲ್ಲ ಅಗಲದ ಅಂಟುಪಟ್ಟಿ ಹಚ್ಚಿ ಬಿಗಿ ಮಾಡಿದರು. ನೀರು ಆರಲಿಲ್ಲ. ಆದರೆ ಬಣ್ಣವೂ ಬರಲಿಲ್ಲ. ಗುರುವಾರ ಬೆಳಿಗ್ಗೆ ಇಟ್ಟದ್ದು ಭಾನುವಾರ ಬೆಳಿಗ್ಗೆ ನಾನು ಹೋಗಿ ನೋಡಿದಾಗಲೂ ಬಹುಪಾಲು ಬಿಳಿಯೇ. ಎಲ್ಲೋ ಎಳೆ ಹಸಿರು ನೆರಳು. ಒಂದು ಮೂಲೆಯಲ್ಲಿ ಮಾತ್ರ ಬೆರಳಗಲ ಕಡು ಕಿತ್ತಳೆ.

ಆ ದಿನ ನಿತಿನ್ ಕೂಡ ಸೂರತ್‌ನಿಂದ ಬಂದಿದ್ದ. ನಾವು ನಾಲ್ವರೂ ಆ ಗಾಜಿನ ಸುತ್ತ ಕೂತೆವು. ಗಿರಿಜಕ್ಕನ ಮುಖ ಸಪ್ಪಗಿತ್ತು. ಅದನ್ನಾದರೂ ಹಿಡಿಯೋಣ ಎಂದು ನಾನು ಕ್ಯಾಮೆರಾವನ್ನು ಅವರ ಮುಖಕ್ಕೆ ತಿರುಗಿಸಿದೆ. ಮೊಬೈಲನ್ನು ಕುರ್ಚಿಯಿಂದ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ.

“ತೆಗೆಯುವ,” ಎಂದು ಅವರು ಅಂಟುಪಟ್ಟಿ ಕಿತ್ತು ಗಾಜನ್ನು ಎತ್ತಿದರು. “ಇದು ಹೋಯ್ತು. ಇದನ್ನು ನೆಲ ಒರೆಸ್ಲಿಕ್ಕೆ ಇಡುದು.”

ಕಬ್ಬಿಣದ ಮೇಲೆ ಅಂಟಿಕೊಂಡಿದ್ದ ಒದ್ದೆ ಬಟ್ಟೆ ಗಾಳಿಗೆ ತೆರೆದುಕೊಂಡು ಹಾಗೇ ಇತ್ತು. ಪದ್ಮನಾಭಣ್ಣ ಚಹಾ ತಂದರು. ನಾವು ಅರ್ಧ ಲೋಟ ಕುಡಿದಿದ್ದೆವೋ ಏನೋ, ನನ್ನ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗಿರಿಜಕ್ಕನ ಹುಬ್ಬುಗಳು ಮೇಲೇರಿದವು. ಕಣ್ಣು ಕೆಳಗೇ ನೆಟ್ಟಿದೆ. ಬಾಯಿ ಅರ್ಧ ತೆರೆದಿದೆ. ಲೋಟ ಹಿಡಿದ ಕೈ ಎದೆಯ ಹತ್ತಿರ ನಿಂತಿದೆ.

“ಓಯ್, ನೋಡಿ ಇಲ್ಲಿ,” ಎಂದರು ಪಿಸುದನಿಯಲ್ಲಿ. “ಬರ್ತಾ ಉಂಟು.”

ಬರುತ್ತಿತ್ತು. ಹಸಿರು ನೆರಳಿದ್ದ ಜಾಗ ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗಿ, ಹಲ್ಲಿನ ಚಕ್ರದ ಒಂದೊಂದೇ ಹಲ್ಲು ಕಿತ್ತಳೆಯಾಗಿ ಎದ್ದು ಬರುತ್ತಿತ್ತು. ಯಾರೋ ಕೆಳಗಿನಿಂದ ಬರೆಯುತ್ತಿದ್ದಾರೇನೋ ಅನ್ನಿಸುವಂತೆ. ಅದನ್ನು ಹಿಡಿಯಬೇಕಿದ್ದ ಮೊಬೈಲು ಪಕ್ಕದಲ್ಲಿ ಕವುಚಿ ಬಿದ್ದಿತ್ತು, ಕ್ಯಾಮೆರಾ ಅವರ ಮುಖದ ಮೇಲಿತ್ತು. ತಿರುಗಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೊದಲು ಮಾತಾಡಿದವನು ನಿತಿನ್. “ಅಮ್ಮ, ಹವಾ! ಒಳಗೆ ಹವಾ ಇರ್ಲಿಲ್ಲ. ವಿನೆಗರ್ ಲೋಹವನ್ನು ಕರಗಿಸಿ ಇಟ್ಟಿತ್ತು, ಕಲರ್ ಆಗ್ಲಿಕ್ಕೆ ಹವಾ ಬೇಕಿತ್ತು.”

ಗಿರಿಜಕ್ಕ ಎದ್ದು ಆ ಮೂಲೆಯ ಕಡು ಕಿತ್ತಳೆಯನ್ನು ಬೆರಳಿನಿಂದ ಮುಟ್ಟಿದರು. “ಇಲ್ಲಿ ನಾನು ಅಂಟು ಸರಿ ಹಚ್ಚಿರ್ಲಿಲ್ಲ. ಅಲ್ಲಿಂದ ಗಾಳಿ ಹೋಗಿದೆ.” ಆಮೇಲೆ ಬಾಲ್ಕನಿಯ ಅರೆಯುವ ಕಲ್ಲಿನ ಕಡೆ ನೋಡಿ ನಗತೊಡಗಿದರು. “ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ ಇಷ್ಟು ವರ್ಷ? ಒತ್ತಿದಷ್ಟೂ ಬಣ್ಣ ಹತ್ತುದು ಅಂತ ತಿಳ್ಕೊಂಡು ಕಲ್ಲು ಹೇರ್ತಿದ್ದೆ! ಬಿಗಿ, ಬಿಗಿ, ಇನ್ನೂ ಬಿಗಿ! ಬಣ್ಣ ಬರ್ತಾ ಇದ್ದದ್ದು ಎಲ್ಲಿ ನನ್ನ ಕೈ ಸಡಿಲ ಆಗಿತ್ತೋ ಅಲ್ಲಿ.”

ಟೇಪಿನ ಮೇಲಿನ ಅಕ್ಷರಗಳು ಒಂದು ಕಡೆ ಕಡು, ಒಂದು ಕಡೆ ತೆಳು ಯಾಕಾಗಿದ್ದವು ಎಂದು ಅವರು ವರ್ಷಗಟ್ಟಲೆ ತಮ್ಮನ್ನೇ ಕೇಳಿಕೊಂಡದ್ದಕ್ಕೆ ಇದೇ ಉತ್ತರ ಇರಬಹುದು. ಆದರೆ ಆ ಹೊತ್ತಿಗೆ ಅವರಿಗೆ ಹಿಂದಿನದ್ದರ ಚಿಂತೆಯೇ ಇರಲಿಲ್ಲ. ಆಗಲೇ ಬಕೆಟ್ಟಿಗೆ ವಿನೆಗರ್ ಸುರಿಯುತ್ತಿದ್ದರು. ಹೊಸ ಬಟ್ಟೆ ನೆನೆಸಿ, ಕಬ್ಬಿಣ ಇಟ್ಟು, ಅಲ್ಲಲ್ಲಿ ಇಡ್ಲಿ ಪಾತ್ರೆಯ ತೂತಿನ ತಟ್ಟೆಗಳನ್ನು ಸೇರಿಸಿ, ಗಾಳಿಯಾಡುವಂತೆ ಸಡಿಲವಾಗಿ ಸುತ್ತಿದರು. ಕೈ ಎಲ್ಲೂ ನಿಲ್ಲಲಿಲ್ಲ. ಅರ್ಧಕ್ಕೆ ಕೂತಿತೋ ಇಲ್ಲವೋ ಎಂದು ನೋಡುವ ಗೊಡವೆಗೆ ಅವರು ಹೋಗಲಿಲ್ಲ, ಯಾಕೆಂದರೆ ಈಗ ಅವರು ಸುತ್ತುತ್ತಿದ್ದುದು ಕಾಯಿಲಿನ ಕ್ರಮವನ್ನೇ ಅಲ್ಲ. ನಾನು ಅದನ್ನೆಲ್ಲ ಚಿತ್ರಿಸಿದೆ. ಪದ್ಮನಾಭಣ್ಣ ಮಾತ್ರ ನಾಳೆ ಬೆಳಿಗ್ಗೆ ಇಡ್ಲಿ ಯಾವುದರಲ್ಲಿ ಬೇಯಿಸುವುದು ಎಂದು ಮೂರು ಸಲ ಕೇಳಿ, ಉತ್ತರ ಸಿಗದೆ, ಹೊಸ ತಟ್ಟೆ ಕೊಳ್ಳಲು ಪೇಟೆಗೆ ಹೋದರು.

ಗಾಳಿಗೆ ಬಣ್ಣ ಬರುವುದನ್ನು ಮುಂದಿನ ವಾರ ಮತ್ತೊಮ್ಮೆ ಮಾಡಿ ಸರಿಯಾಗಿಯೇ ಹಿಡಿದೆವು. ಬೆಳಕು ಚೆನ್ನಾಗಿತ್ತು, ಒಂದೊಂದು ಹಲ್ಲೂ ಸ್ಪಷ್ಟ. ಚಿತ್ರ ಜೋಡಿಸುವಾಗ ನಾನು ಅದನ್ನು ಒಳಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕೊನೆಗೆ ಮೊದಲು ಗಿರಿಜಕ್ಕನ ಮುಖ, ಎರಡು ನಿಮಿಷ ಏನನ್ನೂ ಕತ್ತರಿಸದೆ. ಅವರು ಏನು ನೋಡುತ್ತಿದ್ದಾರೆ ಎಂದು ನೋಡುವವರಿಗೂ ತಡೆಯಲಾರದಷ್ಟು ಆದ ಮೇಲೆ ಬಟ್ಟೆ. ಒಟ್ಟು ಒಂಬತ್ತೂವರೆ ನಿಮಿಷ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಕಳಿಸಿದೆ.

ಬಹುಮಾನ ಬರಲಿಲ್ಲ. ತೋರಿಸುವ ಹನ್ನೆರಡು ಚಿತ್ರಗಳ ಪಟ್ಟಿಯಲ್ಲಿ ಹೆಸರಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ವಡೋದರಾದ ಚಿಕ್ಕ ಸಭಾಂಗಣವೊಂದರಲ್ಲಿ ಅದನ್ನು ತೋರಿಸಿದರು. ಕೋಕಿಲಾಬೆನ್ ವೈಂಡಿಂಗ್ ವಿಭಾಗದ ಇನ್ನೂ ಐವರನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಪರದೆಯ ಮೇಲೆ ಗಿರಿಜಕ್ಕನ ಕೈ ಪಟ್ಟಿ ಸುತ್ತುವುದು ಬಂದಾಗ ಆ ಆರು ಹೆಂಗಸರೂ ಗುಜರಾತಿಯಲ್ಲಿ ಒಟ್ಟಿಗೆ ಏನೋ ಅಂದರು, ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಹಿಂದಿನವರು ಸುಮ್ಮನಿರಿ ಎಂದರು. ಅವರು ಸುಮ್ಮನಾಗಲಿಲ್ಲ. ಏನು ಹೇಳಿದರು ಎಂದು ಆಮೇಲೆ ಕೇಳಿದೆ. “ಇದು ನಮ್ಮದೇ ಕೆಲಸ ಅಂದ್ರು,” ಎಂದರು ಗಿರಿಜಕ್ಕ. ಅವರ ಕಣ್ಣು ಒದ್ದೆಯಾಗಿತ್ತು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ತರುಣ ಎದ್ದು ನಿಂತು, ಒಳಗೆ ಏನಾಗುತ್ತದೆ ಎಂದು ಗೊತ್ತಾದ ಮೇಲೆ ನಿಮಗೆ ಬೇಸರವಾಗಲಿಲ್ಲವೇ ಎಂದು ಕೇಳಿದ. ಗಿರಿಜಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಗುಜರಾತಿಯಲ್ಲಿ ಉತ್ತರಿಸಿದರು. ಬೇಸರವಾದೀತು ಎಂಬ ಹೆದರಿಕೆ ತಮಗಿತ್ತು, ಎರಡು ವಾರ ಆಗಿಯೂ ಇತ್ತು, ಆದರೆ ಒಂದು ಗೊತ್ತಾದರೆ ಅದರ ಹಿಂದೆ ಗೊತ್ತಿಲ್ಲದ್ದು ನಾಲ್ಕು ಕಾಣುತ್ತವೆ ಎಂದರು. ಆಮೇಲೆ ಆ ನಾಲ್ಕನ್ನೂ ಹೇಳತೊಡಗಿದರು. ಸಂಘಟಕರು ಗಡಿಯಾರ ತೋರಿಸಿ ನಿಲ್ಲಿಸಬೇಕಾಯಿತು.

ನಾನು ಈಗಲೂ ತಿಂಗಳಿಗೊಮ್ಮೆ ಮಕರಪುರಕ್ಕೆ ಹೋಗುತ್ತೇನೆ, ಕ್ಯಾಮೆರಾ ಇಲ್ಲದೆ. ಹೋದ ಸಲ ನಿತಿನ್ ಸೂರತ್‌ನಿಂದ ಐದು ತರದ ಬಟ್ಟೆಯ ತುಂಡುಗಳನ್ನು ತಂದಿದ್ದ. ಪ್ರತಿಯೊಂದರ ಅಂಚಿಗೂ ಹೆಸರು ಬರೆದಿದ್ದ, ಕೆಟ್ಟ ಅಕ್ಷರದ ಕನ್ನಡದಲ್ಲಿ. ಐದನ್ನೂ ಒಂದೇ ಕಬ್ಬಿಣಕ್ಕೆ ಸುತ್ತಿ ಇಟ್ಟಿದ್ದರು. ನಾನಿದ್ದಾಗಲೇ ಬಿಚ್ಚಿದರು. ಹತ್ತಿ ಕಡು ಕಂದಾಗಿತ್ತು, ರೇಷ್ಮೆ ಹೊಂಬಣ್ಣಕ್ಕೆ ಬಂದಿತ್ತು. ಪಾಲಿಯೆಸ್ಟರ್ ಮಾತ್ರ ತೊಳೆದ ಕೂಡಲೇ ಹೆಚ್ಚುಕಡಿಮೆ ಬೆಳ್ಳಗೆ ಹೊರಬಂತು.

“ಇದಕ್ಕೆ ಯಾಕೆ ಹಿಡಿಯುದಿಲ್ಲ?” ಎಂದರು ಗಿರಿಜಕ್ಕ.

ನಿತಿನ್ ಹೇಳತೊಡಗಿದ. ಕನ್ನಡ ಸಾಲದಾದಾಗ ಹಿಂದಿ, ಹಿಂದಿ ಸಾಲದಾದಾಗ ಕಾಗದದ ಮೇಲೆ ಚಿತ್ರ. ಅವರು ಕೇಳುತ್ತ ಕೇಳುತ್ತ ನಡುವೆ ಮೂರು ಪ್ರಶ್ನೆ ಹಾಕಿದರು. ಎರಡಕ್ಕೆ ಉತ್ತರ ಕೊಟ್ಟ. ಮೂರನೆಯದಕ್ಕೆ ತಲೆ ಕೆರೆದುಕೊಂಡು, ಲ್ಯಾಬಿನಲ್ಲಿ ಕೇಳಿ ಹೇಳುತ್ತೇನೆ ಎಂದ. ನನಗೆ ಐದು ಗಂಟೆಯ ರೈಲಿತ್ತು. ಪದ್ಮನಾಭಣ್ಣ ಕೆಳಗಿನವರೆಗೆ ಬಂದು ರಿಕ್ಷಾ ಹತ್ತಿಸಿದರು. ಮೇಲೆ ಬಾಲ್ಕನಿಯಲ್ಲಿ ಅಮ್ಮ ಮಗ ಇಬ್ಬರೂ ಆ ಬಿಳಿ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತ ಇನ್ನೂ ಮಾತಾಡುತ್ತಿದ್ದರು.